ಪೇಟಿ ಮಾಸ್ತರರ ಸನ್ಮಾನ

ಮೊನ್ನೆ ಸಿಂಧನೂರಿನಲ್ಲೊಂದು ಮದುವೆ. ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದ ನನ್ನ ಕಿವಿಗೆ ಆರ್ಕೆಸ್ಟ್ರಾದ ಹಾಡು ಬಿತ್ತು. ಹಾಡುವ ಹುಡುಗ ಒಂದು ಸ್ವರದಲ್ಲಿ ಶುರುಮಾಡಿ ಇನ್ನೊಂದಕ್ಕೆ ಹೊರಟಿದ್ದ. ಕೀಬೋರ್ಡಿನವನು ಆಕಳಿಸುತ್ತ ಒಂದು ಗುಂಡಿ ಒತ್ತಿದ, ಅಷ್ಟೆ. ವಾದ್ಯ ತಟ್ಟನೆ ಹುಡುಗನ ಸ್ವರಕ್ಕೆ ಹೋಗಿ ಕೂತಿತು. ನಿಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆ ಗುಂಡಿಯ ಕೆಲಸವನ್ನು ಒಬ್ಬ ಮನುಷ್ಯ ಆಯುಷ್ಯವಿಡೀ ಬೆವರು ಸುರಿಸಿ ಮಾಡಿದ್ದನ್ನು ನಾನು ನೋಡಿದ್ದೇನೆ.

ಅವರು ಮಸ್ಕಿಯ ಅಮರಪ್ಪ ಮಾಸ್ತರು. ಶಾಲೆಯ ಮಾಸ್ತರಲ್ಲ, ಪೇಟಿ ಮಾಸ್ತರು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಬೇಸಿಗೆ ಭತ್ತ ಕೊಯ್ದು ಕೈಯಲ್ಲಿ ನಾಲ್ಕು ಕಾಸು ಆಡಿತೆಂದರೆ ಊರವರಿಗೆ ನಾಟಕದ ಹುಚ್ಚು ಏರುತ್ತಿತ್ತು. ಏರಿದ ಮೇಲೆ ಮಾಸ್ತರಿಗೆ ಕರೆ ಹೋಗುತ್ತಿತ್ತು. ಅವರು ಹಾರ್ಮೋನಿಯಂ ಪೇಟಿಯನ್ನು ಬಸ್ಸಿನ ಮೇಲೆ ಹಾಕದೆ ತೊಡೆಯ ಮೇಲಿಟ್ಟುಕೊಂಡು ಬಂದು, ತಿಂಗಳುಗಟ್ಟಲೆ ಆ ಊರಲ್ಲೇ ಉಳಿದು, ಪಾತ್ರಧಾರಿಗಳ ಮನೆಯಲ್ಲಿ ಸರದಿಯ ಮೇಲೆ ಉಂಡು ನಾಟಕ ಕಲಿಸುತ್ತಿದ್ದರು. ಒಮ್ಮೆ ಹಟ್ಟಿಯ ಚಿನ್ನದ ಗಣಿಗೂ ಹೋಗಿದ್ದರು. ಅಲ್ಲಿ ನಾಯಕ ಹಗಲು ಪಾಳಿ, ಖಳನಾಯಕ ರಾತ್ರಿ ಪಾಳಿ. ಇಬ್ಬರೂ ಎದುರುಬದುರಾದದ್ದು ನಾಟಕದ ದಿನವೇ. ಹೊಸ ಮುಖ ಕಂಡ ನಾಯಕ ಹೊಡೆಯುವುದು ಬಿಟ್ಟು ನಮಸ್ಕಾರ ಮಾಡಿದನಂತೆ.

ಮಾಸ್ತರ ತಾಲೀಮಿಗೆ ಒಂದೇ ಪದ್ಧತಿ. ಅವರು ಒಂದು ಸಾಲು ಹಾಡಿ ನಿಲ್ಲಿಸಬೇಕು, ನಾವೆಲ್ಲ ಅದನ್ನು ಒಟ್ಟಿಗೆ ಎತ್ತಿ ಹಾಡಬೇಕು. ಸರಿಯಾಗುವವರೆಗೆ ಎರಡನೆಯ ಸಾಲಿಲ್ಲ. ಜವಳಗೇರಾದ ನಾಟಕದಲ್ಲಿ ನಾನು ಗೌಡನ ಗುಮಾಸ್ತನಾಗಿದ್ದೆ. ಅಲ್ಲಿ ಶಾಲೆ ಮಾಸ್ತರನಾಗಿದ್ದ ನನಗೆ ಆ ಪಾತ್ರ ಕೊಟ್ಟದ್ದು ಕನ್ನಡಕ ಇದೆಯೆಂಬ ಒಂದೇ ಅರ್ಹತೆಯ ಮೇಲೆ. ಅದಕ್ಕೆ ಅರ್ಧ ಹಾಡು ಇತ್ತು. ತಾಲೀಮು ನೋಡಿದ ಮೇಲೆ ಅದನ್ನೂ ಮಾತಾಗಿ ಬದಲಿಸಿದರು.

ಬಳಗಾನೂರಿನ ದುರುಗಪ್ಪನ ಮುಂದೆ ನಾನು ಎಷ್ಟೋ ಮೇಲು. ಒಳ್ಳೆಯ ಒಕ್ಕಲಿಗ, ಆಳು ಎತ್ತರದವನು, ಪ್ರತಿ ನಾಟಕದಲ್ಲೂ ಅವನೇ ರಾಜ. ಹಾಡು ಮಾತ್ರ ಪೇಟಿಯ ಕಪ್ಪು ಮನೆಯಲ್ಲಿ ಶುರುವಾಗಿ, ಎರಡನೆಯ ಸಾಲಿಗೆ ಬಿಳಿ ಮನೆಗೆ ಹಾರಿ, ಮೂರನೆಯದಕ್ಕೆ ಪೇಟಿಯಲ್ಲಿ ಇಲ್ಲದ ಮನೆ ಹೊಗುತ್ತಿತ್ತು. ಮಾಸ್ತರ ಬೆರಳು ಬೆನ್ನು ಬಿಡದೆ ಓಡುತ್ತಿದ್ದವು. ಕೇಳುವವರು ರಾಗ ಬದಲಾಯಿತೆಂದು ತಿಳಿದು ಸಿಳ್ಳೆ ಹಾಕುತ್ತಿದ್ದರು.

"ಅವನ್ನ ಬೈಬಾರದೇನ್ರಿ?" ಎಂದು ಒಮ್ಮೆ ಕೇಳಿದೆ.

"ಬೈದ್ರ ಹಾಡೂದ ಬಿಡ್ತಾನ್ರೀ. ಹಾದಿ ತಪ್ಪಿದಾವ ಒಬ್ಬನ ಆಗಬಾರ್ದು ನೋಡ್ರಿ. ನಾವೂ ಜೋಡಿ ತಪ್ಪಿದ್ರ ಅದ ಹಾದಿ ಆಕೈತಿ" ಎಂದರು.

ತೊಂಬತ್ತರ ದಶಕಕ್ಕೆ ಮನೆಮನೆಗೆ ಟೀವಿ ಬಂದು ನಾಟಕ ಕಡಿಮೆಯಾದವು. ಕಲೆ ಸಾಯತೊಡಗಿದಾಗ ಕಲಾವಿದರಿಗೆ ಸನ್ಮಾನ ಮಾಡುವುದು ನಮ್ಮಲ್ಲಿ ಹಳೆಯ ರೂಢಿ. ಮಸ್ಕಿಯಲ್ಲಿ ಒಂದು ಸಮಿತಿಯಾಯಿತು. ಆ ಹೊತ್ತಿಗೆ ಲಿಂಗಸುಗೂರಿಗೆ ವರ್ಗವಾಗಿದ್ದ ನನ್ನನ್ನೂ ನಿರೂಪಣೆಗೆಂದು ಸೇರಿಸಿಕೊಂಡರು. ವಿಷಯ ತಿಳಿಸಲು ಮಾಸ್ತರ ಮನೆಗೆ ಹೋದಾಗ ಅವರು ಶಾಲು, ಹಾರದ ಬಗ್ಗೆ ಕೇಳಲಿಲ್ಲ. ದನಿ ತಗ್ಗಿಸಿ ಹೇಳಿದರು:

"ಸರ, ನನಗ ಒಂದೀಟು ಹೊತ್ತು ಬಿಟ್ಟುಕೊಡ್ರಿ. ನಾನ ಕಟ್ಟಿದ್ದು ಒಂದು ಪದ ಐತಿ, ಯಾರಿಗೂ ಕಲಿಸಿಲ್ಲ. ಬ್ಯಾರೇದವ್ರ ಹಿಂದ ಹೋಗಿ ಹೋಗಿ ಸಾಕಾಗೇತ್ರಿ. ಒಮ್ಮೆ ನಂದ ಸ್ವರದಾಗ, ನಮ್ಮೂರಾಗ ಹಾಡ್ಬೇಕು."

ಅವರ ಹೆಂಡತಿ ನೀಲಮ್ಮ ಒಳಗಿನಿಂದಲೇ, "ನಾನೂ ಕೇಳಬೇಕ್ರೀ. ಮದಿವ್ಯಾದಾಗಿಂದ ಬರೇ ಊರೂರು ತಿರುಗ್ಯಾರ" ಎಂದರು.

ಸಮಿತಿಯ ಅಧ್ಯಕ್ಷರು ಸಂತೋಷದಿಂದ ಒಪ್ಪಿ, ಮಾಸ್ತರ ಹಾಡನ್ನು ಕಟ್ಟಕಡೆಗೆ ಇಟ್ಟರು. ಜನ ಎದ್ದು ಹೋಗಬಾರದಲ್ಲ!

ಆ ಸಂಜೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರು ಕಟ್ಟಿಕೊಂಡು ಮಾಸ್ತರ ಶಿಷ್ಯರೆಲ್ಲ ಬಂದರು. ಭಾಷಣಕ್ಕೆ ಎದ್ದವನೂ ಶಿಷ್ಯ, ಸ್ವಾಗತಕ್ಕೆ ಎದ್ದವನೂ ಶಿಷ್ಯ. ಪ್ರತಿಯೊಬ್ಬರೂ ಎರಡು ಮಾತು ಹೊಗಳಿ, "ನಮ್ಮ ಗುರುಗಳು ಕಲಿಸಿದ್ದೊಂದು ಪದ" ಎನ್ನುವರು. ಪೇಟಿ ನುಡಿಸಲು ಬೇರೆ ಯಾರಿದ್ದಾರೆ? ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ ಹಾಕಿಕೊಂಡ ಮಾಸ್ತರೇ ಸಿಂಹಾಸನದಂಥ ಕುರ್ಚಿಯಿಂದ ಇಳಿದು ಪೇಟಿಯ ಮುಂದೆ ಕೂತರು. ತಮ್ಮದೇ ಸನ್ಮಾನದಲ್ಲಿ ರಾತ್ರಿಯಾಗುವವರೆಗೆ ಊರವರಿಗೆಲ್ಲ ಸಾಥ್ ಕೊಟ್ಟರು. ಹಾರ ಬೆರಳಿಗೆ ತೊಡರುತ್ತಿತ್ತು. ಮುಖ್ಯ ಅತಿಥಿಗಳೂ ಮೈಚಳಿ ಬಿಟ್ಟು ಒಂದು ಹಾಡಿದರು. ಮಾಸ್ತರ ಹೊತ್ತು ಕರಗುತ್ತಿತ್ತು, ಆದರೆ ಮೈಕು ಕಸಿದುಕೊಳ್ಳುವ ಧೈರ್ಯ ಯಾರಿಗಿದೆ?

ಕೊನೆಗೂ ಮಾಸ್ತರ ಸರದಿ ಬಂತು. ಪೇಟಿಯ ಮೇಲೆ ಸ್ವರ ಹಿಡಿದು, ಕಣ್ಣು ಮುಚ್ಚಿ, ಮೊದಲ ಸಾಲು ಎತ್ತಿದರು:

"ನೀರಿಗೆ ಯಾವೂರೋ, ಹರಿದಲ್ಲೆ ತವರೋ..."

ಏನು ದನಿ! ಇಷ್ಟು ವರ್ಷ ಈ ಮನುಷ್ಯ ಇದನ್ನು ಎಲ್ಲಿ ಬಚ್ಚಿಟ್ಟಿದ್ದರು ಅನ್ನಿಸಿ ನನ್ನ ಕಣ್ಣು ತುಂಬಿದವು. ಮಾಸ್ತರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು.

ಅದೇ ತಪ್ಪಾಯಿತು. ಮಾಸ್ತರು ಸಾಲು ಹಾಡಿ ನಿಲ್ಲಿಸಿದರೆ ಶಿಷ್ಯರು ಏನು ಮಾಡಬೇಕು? ಮುಂದೆ ಕೂತಿದ್ದ ದುರುಗಪ್ಪ ಎದೆ ಬಿಚ್ಚಿ "ನೀರಿಗೆ ಯಾವೂರೋ" ಎಂದು ಎತ್ತಿಯೇ ಬಿಟ್ಟ. ಅವನ ಹಿಂದೆ ಇಡೀ ಸಭೆ ಎತ್ತಿಕೊಂಡಿತು. ಒಬ್ಬೊಬ್ಬರದು ಒಂದೊಂದು ಸ್ವರ. ಮಾಸ್ತರು ಕಣ್ಣು ತೆರೆದರು. ಇನ್ನೊಮ್ಮೆ ತಮ್ಮ ಸ್ವರ ಹಿಡಿಯಲು ನೋಡಿದರು. ಬೆರಳು ಕೇಳಲಿಲ್ಲ, ದುರುಗಪ್ಪನ ಬೆನ್ನು ಹತ್ತಿದವು.

"ಏ ದುರುಗ್ಯಾ, ಹಂಗಲ್ಲೋ. 'ತವರೋ' ಅಂಬಲ್ಲಿ ಇಳಿಸು. ಇನ್ನೊಮ್ಮೆ ಅನ್ನು" ಎಂದರು.

ತಾಲೀಮು ಶುರುವಾಯಿತು. ಆ ಒಂದು ಸಾಲನ್ನೇ ತಿದ್ದಿ ತಿದ್ದಿ ಹೊತ್ತು ಮೀರಿತು. ಕಡೆಯ ಬಸ್ಸು ಹಾರ್ನು ಹೊಡೆದಾಗ ಅರ್ಧ ಸಭೆ ಎದ್ದಿತು. ಅಧ್ಯಕ್ಷರು ವಂದನಾರ್ಪಣೆ ಮಾಡಿ, ಮಾಸ್ತರ ಗಾಯನ ಅದ್ಭುತವಾಗಿತ್ತು ಎಂದರು.

ನೀಲಮ್ಮ ಸೆರಗು ಸರಿ ಮಾಡಿಕೊಳ್ಳುತ್ತ ಎದ್ದರು. "ಮನ್ಯಾಗ ಕೇಳೂನಂದ್ರ ಮನಿಷಾ ಇರೂದಿಲ್ಲ, ಇಲ್ಲಿ ಕೇಳೂನಂದ್ರ ಇಡೀ ಊರ ಹಾಡಾಕತ್ತೈತಿ" ಎಂದು ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. ಮುಂದಿನ ಮಳೆಗಾಲ ಮಾಸ್ತರು ತೀರಿಕೊಂಡರು. ದುರುಗಪ್ಪನ ಮೇಲೆ ನನಗೆ ಉಳಿದ ಸಿಟ್ಟು ಇಷ್ಟು ವರ್ಷ ಇಳಿದಿರಲಿಲ್ಲ.

ಮೊನ್ನೆಯ ಮದುವೆಯಲ್ಲಿ ಊಟ ಮುಗಿಸಿ ಹೊರಬಂದರೆ ಅವನೇ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಹಲ್ಲು ಹೋಗಿವೆ. ನನ್ನನ್ನು ಕಂಡದ್ದೇ ಮಾಸ್ತರ ಸುದ್ದಿ ತೆಗೆದ. ನಾನು ಬಿಗಿದುಕೊಂಡೇ ನಿಂತಿದ್ದೆ. ಅವನು ತಂಬುಲ ಉಗುಳಿ ಬಂದು, ಕಣ್ಣು ಮುಚ್ಚಿ, ಮೆಲ್ಲಗೆ ಆ ಸಾಲು ಹಾಡಿದ. 'ತವರೋ' ಎನ್ನುವಲ್ಲಿ ದನಿ ಎಲ್ಲಿ ಇಳಿಯಬೇಕೋ ಅಲ್ಲೇ ಇಳಿಯಿತು. ಸ್ವರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನ ಸಿಟ್ಟು ಎತ್ತಲೋ ಹೋಯಿತು.

"ದಿನಾ ಅಂತೀನ್ರಿ ಇದನ್ನ, ಹೊಲಕ್ಕ ಹೋಗೂವಾಗ" ಎಂದ.

"ಮುಂದಿನ ಸಾಲು?" ಎಂದು ಕೇಳಿದೆ.

ದುರುಗಪ್ಪ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದ.

"ಮಾಸ್ತರು ಅಷ್ಟ ಕಲಿಸ್ಯಾರಲ್ರೀ."