ಬೂದಿ ಕೇಳಿಕೊಂಡು ಬಂದ ಹಾಲಪ್ಪ ಮೇಷ್ಟ್ರು

ಹಾಲಪ್ಪ ಮೇಷ್ಟ್ರು ಬೂದಿಯ ರುಚಿ ನೋಡುತ್ತಿದ್ದರು. ನಮ್ಮ ಮಂಡಕ್ಕಿ ಭಟ್ಟಿಯ ಹಿತ್ತಲಲ್ಲಿ ಬಿದ್ದ ಹೊಟ್ಟಿನ ಬೂದಿಯಿಂದ ಒಂದು ಚಿಟಿಕೆ ತೆಗೆದು, ಹೆಬ್ಬೆರಳಲ್ಲಿ ಉಜ್ಜಿ, ನಾಲಗೆಯ ತುದಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮುಂದಿನ ಹಲ್ಲಿನ ನಡುವೆ ಸಿಕ್ಕಿಸಿ ಕರಕರ ಅನ್ನಿಸುತ್ತಿದ್ದರು. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿ, ಕರವಸ್ತ್ರದಿಂದ ಬಾಯೊರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಮಾತಾಡುತ್ತಿದ್ದರು. ಮೈಮೇಲೆ ಕೋಟು, ಕಾಲಲ್ಲಿ ಬೂಟು, ಕೆಲಸ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುವುದು. ಅಂಥವರು ಹೀಗೆ ಮಾಡುವುದನ್ನು ಕಂಡು ಮಂಡಕ್ಕಿ ಜರಡಿ ಹಿಡಿಯುವ ನಮ್ಮ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರೇ ಇಟ್ಟ ಹೆಸರು, ಬೂದಿ ಮೇಷ್ಟ್ರು.

ಅವರು ಮೊದಲ ಸಲ ಬಂದಾಗ ಮುನಿಸಿಪಾಲಿಟಿಯವರೆಂದೇ ತಿಳಿದಿದ್ದೆ. ಆಗ ದಾವಣಗೆರೆಯ ಭಟ್ಟಿಗಳಿಗೆಲ್ಲ ಬೂದಿಯೇ ದೊಡ್ಡ ತಲೆನೋವು. ಮಂಡಕ್ಕಿ ಹುರಿಯುವ ಒಲೆಗೆ ಹಗಲೆಲ್ಲ ಭತ್ತದ ಹೊಟ್ಟು ಸುರಿಯಬೇಕು, ಸುರಿದದ್ದೆಲ್ಲ ಬೂದಿಯಾಗಿ ಹಿತ್ತಲು ತುಂಬಬೇಕು. ಗಾಳಿ ಬಂದರೆ ಅಕ್ಕಪಕ್ಕದವರ ಒಣಹಾಕಿದ ಬಟ್ಟೆಯ ಮೇಲೆ, ಮಳೆ ಬಂದರೆ ಚರಂಡಿಯಲ್ಲಿ. ಚರಂಡಿ ಕಟ್ಟಿಕೊಂಡಾಗಲೆಲ್ಲ ಯಾರಾದರೂ ಬಂದು ಗದರಿಸಿ ಹೋಗುತ್ತಿದ್ದರು. ಕೋಟು ನೋಡಿದೊಡನೆ ನಾನು ಕೂತಲ್ಲಿಂದಲೇ, ನಾಳೆ ಗಾಡಿ ಹೇಳಿ ಎತ್ತಿಸ್ತೀನಿ, ಈಗ ಹೋಗ್ರಿ ಅಂದೆ.

"ಎತ್ತಿಸಬ್ಯಾಡ್ರಿ," ಅಂದರು. "ನನಗೆ ಬೇಕಾಗಿತ್ತು."

"ಯಾವುದು?"

"ಬೂದೀರಿ."

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ಹಾಸಿಗೆ ಹಿಡಿದಾಗ ಒಲೆಯ ಮುಂದೆ ಕೂತವನು ಮತ್ತೆ ಏಳಲಿಲ್ಲ. ಬೇರೆಯವರ ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅಕ್ಕಿ ಹುರಿದು ಕೈ ಸುಟ್ಟುಕೊಂಡು, ಕೊನೆಗೆ ನನ್ನದೇ ಒಂದು ಭಟ್ಟಿ ಹಾಕಿದೆ. ಅದರ ಗರ್ವ ನನಗಿತ್ತು, ಇಲ್ಲವೆನ್ನುವುದಿಲ್ಲ. ನನ್ನ ಮಂಡಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತೆಂದು ಯಾರೂ ಅಂದದ್ದಿಲ್ಲ. ಯಾರೇ ಏನೇ ಕೇಳಲಿ, ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಓದದವನು ಎಂದು ಜನ ಅಂದುಕೊಂಡಾರೆಂಬ ಅಂಜಿಕೆ. ಹಾಲಪ್ಪ ಮೇಷ್ಟ್ರಿಗೆ ಆ ಮಾತು ಎಲೆ ಅಡಿಕೆಯಷ್ಟು ಸಲೀಸು. ಏನು ಕೇಳಿದರೂ ಮೊದಲು, "ಗೊತ್ತಿಲ್ರಿ, ನೋಡಾಣ" ಅನ್ನುತ್ತಿದ್ದರು. ಇಷ್ಟು ಓದಿದವರು ಹೀಗೆ ಒಪ್ಪಿಕೊಳ್ಳುವುದನ್ನು ಕಂಡು ನನಗೆ ಅವರ ಪರವಾಗಿ ನಾಚಿಕೆಯಾಗುತ್ತಿತ್ತು.

ಅವರ ಮನೆ ಹರಿಹರದಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ. ಬೆಳಗಿನ ರೈಲಿಗೆ ಬರುವರು, ಪಾಠ ಮುಗಿಸಿ ನಮ್ಮ ಭಟ್ಟಿಗೆ ಬಂದು ಗೋಣಿಚೀಲದ ಮೇಲೆ ಕೂತು, ಸಂಜೆಯ ಗಾಡಿಗೆ ಹೋಗುವರು. ಕುರ್ಚಿ ತರಿಸಿದರೆ ಅದರ ಮೇಲೆ ಕೋಟು ಹಾಕುತ್ತಿದ್ದರೇ ಹೊರತು ತಾವು ಕೂರುತ್ತಿರಲಿಲ್ಲ. ಮಿರ್ಚಿ ಬಜ್ಜಿ, ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟರೆ ಕೈ ತೊಳೆಯುವುದನ್ನೂ ಮರೆತು ತಿನ್ನುತ್ತಿದ್ದರು.

ಬೂದಿಯಿಂದ ಏನು ಮಾಡುತ್ತೀರೆಂದು ಒಂದು ದಿನ ಕೇಳಿದೆ. ಭತ್ತದ ಗಿಡ ನೆಲದ ಮರಳನ್ನು ನೀರಿನ ಜೊತೆ ಕುಡಿದು ಹೊಟ್ಟಿನಲ್ಲಿ ಕೂಡಿಡುತ್ತದೆ, ಹೊಟ್ಟು ಸುಟ್ಟರೆ ಅದೇ ಉಳಿಯುವುದು, ಅದಕ್ಕೆ ಸುಣ್ಣ ಕಲಸಿ ಒದ್ದೆಯಲ್ಲಿಟ್ಟರೆ ಕಲ್ಲಾಗಬೇಕು ಎಂದು ವಿವರಿಸಿದರು. ಆಗ ಸಿಮೆಂಟು ಪರ್ಮಿಟ್ ಇಲ್ಲದೆ ಸಿಗುತ್ತಿರಲಿಲ್ಲ. ಮನೆ ಕಟ್ಟುವವರು ಒಂದೊಂದು ಚೀಲಕ್ಕೂ ಕಚೇರಿ ಅಲೆಯುತ್ತಿದ್ದ ಕಾಲ. ಚರಂಡಿಗೆ ಹೋಗುವ ಬೂದಿ ಗೋಡೆಯಾಗುವುದಾದರೆ ಯಾರಿಗೆ ಬೇಡ?

ಅವರು ನಮ್ಮ ಹಿತ್ತಲಲ್ಲೇ ಮರದ ಅಚ್ಚು ಇಟ್ಟುಕೊಂಡು ಇಟ್ಟಿಗೆ ಹೊಯ್ದರು. ಗುಡ್ಡೆಯಲ್ಲಿ ಕೈಗೆ ಸಿಕ್ಕ ಬೂದಿ, ಬಣ್ಣ ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಮಾಸಲು. ಮೊದಲು ಹೊಯ್ದವು ಒಡೆದವು. ಸುಣ್ಣ ಹೆಚ್ಚು ಮಾಡಿದರು, ಕಮ್ಮಿ ಮಾಡಿದರು, ಒದ್ದೆ ಗೋಣಿ ಹೊದಿಸಿದರು. ಕೊನೆಗೊಂದು ಇಟ್ಟಿಗೆ ನಿಂತಿತು. ಅದನ್ನು ದನದ ಬಾನಿಯಲ್ಲಿ ಹಾಕಿ, ತೆಗೆಯಬ್ಯಾಡ್ರಿ ಅಂದು ಹೋದರು. ಮಳೆಗಾಲ ಪೂರ್ತಿ ಅದು ನೀರಿನಲ್ಲಿತ್ತು. ತೆಗೆದು ನೆಲಕ್ಕೆ ಬಡಿದರೆ ಠಣ್ ಅಂದಿತು. ಮೇಷ್ಟ್ರು ಆ ಇಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತರು. ಸಿಮೆಂಟು ಕಾರ್ಖಾನೆಯೇ ನನ್ನದಾದಂತೆ ನಾನು ಓಣಿಯವರನ್ನೆಲ್ಲ ಕರೆದು ತೋರಿಸಿದೆ.

ಆ ಇಟ್ಟಿಗೆಯ ಸುದ್ದಿ ಕಾಲೇಜಿಗೂ ಮುಟ್ಟಿತು. ವಿಶ್ವವಿದ್ಯಾಲಯದಿಂದ ದೊಡ್ಡವರು ಬಂದು ನೋಡುತ್ತಾರೆ, ಅವರು ಒಪ್ಪಿದರೆ ಈ ಕೆಲಸಕ್ಕೆಂದೇ ಒಂದು ಕೋಣೆ ಸಿಗುತ್ತದೆ, ಸಂಶೋಧನೆಯ ಪದವಿಯ ದಾರಿಯೂ ತೆರೆಯುತ್ತದೆ, ಒಪ್ಪದಿದ್ದರೆ ಬರೀ ಪಾಠ ಹೇಳಿಕೊಂಡಿರಬೇಕು ಎಂದು ಮೇಷ್ಟ್ರು ಹೇಳಿದರು. ಬರುವವರಿಗೆ ತೋರಿಸಲು ಕಾಲೇಜಿನ ತೋಟದಲ್ಲಿ ನೀರಿನ ತೊಟ್ಟಿ ಕಟ್ಟುವುದೆಂದು ಆಯಿತು. ಅದಕ್ಕೆ ಗಾಡಿಗಟ್ಟಲೆ ಬೂದಿ ಬೇಕು.

"ಬೂದಿ ಚಿಂತಿ ನನಗೆ ಬಿಡ್ರಿ," ಅಂದೆ.

ವಿಭೂತಿ ಹಚ್ಚುವ ಮನೆತನ ನಮ್ಮದು. ಬಿಳಿ ಬೂದಿ ಅಂದರೆ ಶುದ್ಧ, ಕರಿ ಬೂದಿ ಅಂದರೆ ಹೊಲಸು. ಹುಟ್ಟಿದಾಗಿನಿಂದ ಕಣ್ಣಿಗೆ ಕೂತ ತಿಳುವಳಿಕೆ. ದೊಡ್ಡವರು ಬಂದು ನಿಂತಾಗ ಅವರ ಮುಂದೆ ನನ್ನ ಭಟ್ಟಿಯ ಮಾಸಲು ಬೂದಿ ಇರಬೇಕೆ? ನೆಂಟರಿಗೆ ಬಡಿಸುವಾಗ ತಳದ ಅನ್ನ ಬಡಿಸುವವರು ಉಂಟೇ? ಬೂದಿಯನ್ನೆಲ್ಲ ಮತ್ತೆ ಒಲೆಗೆ ಹಾಕಿ, ಗಾಳಿ ಬಿಟ್ಟು, ಕಪ್ಪಿನ ಗುರುತೇ ಇಲ್ಲದಂತೆ ಸುಡಿಸಿದೆ. ಹೆಂಗಸರು ಅದನ್ನು ಹಳೆಯ ಧೋತರದಲ್ಲಿ ಸೋಸಿದರು. ಹಾಲಿನಂಥ ಬಿಳುಪು ಬಂತು. ಹೊಸ ಚೀಲದಲ್ಲಿ ತುಂಬಿಸಿ, ಚೀಲಕ್ಕೆ ಕುಂಕುಮವನ್ನೂ ಹಚ್ಚಿ, ಗಾಡಿಯ ಜೊತೆ ಕಾಲೇಜಿನ ಗೇಟಿನ ತನಕ ನಾನೇ ಹೋದೆ.

ಮೇಷ್ಟ್ರು ಚೀಲ ಬಿಚ್ಚಿ ನೋಡಿ ನಕ್ಕರು. "ಏನ್ರೀ ಸಿದ್ದಣ್ಣ, ಬೀಗರ ಮನಿಗೆ ಬುತ್ತಿ ಕಳಿಸಿದಂಗೆ ಕಳಿಸೀರಲ್ರಿ."

ಚಿಟಿಕೆ ತೆಗೆದು ನಾಲಗೆಗೆ ಇಟ್ಟರು. ಅವರ ಹುಬ್ಬು ಸ್ವಲ್ಪ ಕೂಡಿತು.

"ಬ್ಯಾರೆ ಐತಲ್ರೀ ಇದು?"

"ಸ್ವಚ್ಛ ಮಾಡಿಸೀನಿ. ನಿಮ್ಮ ಮರ್ಯಾದಿ ಪ್ರಶ್ನೆ."

ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಬಹಳ ಕಷ್ಟ ತಗೊಂಡೀರಿ ಅಂದರು. ಅಷ್ಟೇ.

ದೊಡ್ಡವರು ಬಂದ ದಿನ ನನಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದರು. ಕಾಲೇಜಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಧೋತರ, ಜರಿಯ ರುಮಾಲು. ಓಣಿಯ ಇಬ್ಬರು ಭಟ್ಟಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ, ನೋಡಲಿ ಎಂದು. ತೊಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಬಂದವರಲ್ಲಿ ಒಬ್ಬರು ಅದರ ಅಂಚನ್ನು ಸವರಿ ಮೆಚ್ಚಿ ತಲೆಯಾಡಿಸಿದಾಗ ನಾನು ಕುರ್ಚಿಯಲ್ಲಿ ಇನ್ನೂ ನೆಟ್ಟಗೆ ಕೂತೆ.

ನೀರು ಬಿಟ್ಟರು. ಅರ್ಧ ತುಂಬುವ ತನಕ ಏನೂ ಆಗಲಿಲ್ಲ. ಆಮೇಲೆ ಕೆಳಗಿನ ಸಾಲು ಬೆವರಿದಂತೆ ಕಂಡಿತು. ನೋಡುನೋಡುತ್ತ ಒಂದು ಮೂಲೆ ನೆನೆದ ರೊಟ್ಟಿಯಂತೆ ಕುಸಿದು, ನೀರೂ ಬಿಳಿ ರಾಡಿಯೂ ಒಟ್ಟಿಗೆ ನುಗ್ಗಿ ದೊಡ್ಡವರ ಬೂಟು ತುಂಬಿತು. ಹುಡುಗರು ಕೇಕೆ ಹಾಕಿದರು. ನನ್ನ ಹಿಂದೆ ಕೂತಿದ್ದ ಭಟ್ಟಿಯವನು ಮೆಲ್ಲಗೆ, ಸಿದ್ದಣ್ಣಾರ ಬೂದಿ ಹೊಳಿಗೆ ಹೊಂಟೈತೆ ನೋಡ್ರಪ್ಪ ಅಂದ.

ಬಂದವರಲ್ಲಿ ಹಿರಿಯರು ಸಿಟ್ಟಿನಿಂದ, ಈ ಬೂದಿ ಎಲ್ಲಿಯದು ಎಂದು ಕೇಳಿದರು. ಮೇಷ್ಟ್ರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಮೊಣಕಾಲ ತನಕ ರಾಡಿಯಾಗಿತ್ತು.

"ಬೂದಿಯದೇನೂ ತಪ್ಪಿಲ್ರಿ," ಅಂದರು. "ಈ ತೊಟ್ಟಿಯ ಇಟ್ಟಿಗ್ಯಾಗ ಒಂದನ್ನ ಮೊದಲು ನೀರಿಗೆ ಹಾಕಿ ನೋಡಬೇಕಾಗಿತ್ತು. ನಾನು ನೋಡಲಿಲ್ಲ."

ಅದು ನನ್ನ ಬೂದಿ ಅನ್ನದೆ ನಾನು ಹಿಂದಿನ ಗೇಟಿನಿಂದ ಹೊರಬಿದ್ದೆ. ಕಾಲಲ್ಲಿ ಚಪ್ಪಲಿ ಇಲ್ಲದ್ದು ಮನೆ ಮುಟ್ಟಿದ ಮೇಲೆ ತಿಳಿಯಿತು. ಕಾಲೇಜಿಗೆ ಹೋಗಿ ಚಪ್ಪಲಿ ತರುವ ಧೈರ್ಯ ಆಗಲಿಲ್ಲ.

ಕೋಣೆ ಸಿಗಲಿಲ್ಲ. ಪಾಠದ ಕಡೆ ಲಕ್ಷ್ಯ ಕೊಡಿ ಎಂದು ಕಾಲೇಜಿನವರು ಹೇಳಿದರಂತೆ. ಇನ್ನು ಈ ಮನುಷ್ಯ ನನ್ನ ಬಾಗಿಲಿಗೆ ಬರಲಿಕ್ಕಿಲ್ಲ ಅಂದುಕೊಂಡೆ. ಬರದಿದ್ದರೆ ಸಾಕೆಂದೂ ಅನ್ನಿಸಿತು. ವಾರದೊಳಗೆ ಬಂದರು. ಅದೇ ಗೋಣಿಚೀಲ, ಅದೇ ಸಂಜೆ. ನಾನು ಒಲೆಯ ಕಡೆ ಮುಖ ಮಾಡಿಕೊಂಡೇ ಇದ್ದೆ. ಬೈಯಲಿ, ಬೈದರೆ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. ಹೇಗೆ ಸುಟ್ಟಿರಿ, ಎಷ್ಟು ಹೊತ್ತು ಗಾಳಿ ಬಿಟ್ಟಿರಿ, ಬೆಂಕಿಯ ಬಣ್ಣ ಹೇಗಿತ್ತು ಎಂದು ಕೇಳುತ್ತ ಹೋದರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು.

"ಹದವಾಗಿ ಸುಟ್ರೆ ಬೂದಿ ಸುಣ್ಣದ ಕೂಡ ಸೇರ್ತೈತೆ. ಹೆಚ್ಚು ಸುಟ್ರೆ ಮತ್ತೆ ಬರೀ ಮರಳೇ ಆಗಿಬಿಡ್ತೈತೇನೋ. ಯಾರ ಕೂಡಾನೂ ಸೇರಂಗಿಲ್ಲ. ಇದು ನನಗೆ ಗೊತ್ತಿರಲಿಲ್ರೀ ಸಿದ್ದಣ್ಣ. ನೀವು ಬೆಳ್ಳಗೆ ಮಾಡದಿದ್ರೆ ಗೊತ್ತಾಗ್ತಾನೂ ಇರಲಿಲ್ಲ."

ಅವರು ಖುಷಿಯಿಂದಲೇ ಅಂದದ್ದು. ನನಗೆ ಅದು ಚುಚ್ಚಿದಂತಾಯಿತು. ಓಣಿಯಲ್ಲಿ ಆಗಲೇ ಹುಡುಗರು ನನ್ನನ್ನು ಕಂಡರೆ, ತೊಟ್ಟಿ ತುಂಬೈತೇನ್ರಿ ಎಂದು ಕೇಳಲು ಶುರುಮಾಡಿದ್ದರು. ಬೇಕಾದಷ್ಟು ಬೂದಿ ಒಯ್ಯಿರಿ, ನನ್ನನ್ನು ಮಾತ್ರ ಇದರಲ್ಲಿ ಎಳೆಯಬೇಡಿ ಅಂದೆ. ಅಲ್ಲಿಂದ ಮುಂದೆ ಅವರು ಬಂದರೆ ನಾನು ಪೇಟೆಯ ಕಡೆ ಹೋಗಿಬಿಡುತ್ತಿದ್ದೆ. ಆಳುಗಳೇ ಚೀಲ ತುಂಬಿ ರೈಲಿಗೆ ಏರಿಸುತ್ತಿದ್ದರು. ಮೇಷ್ಟ್ರು ಹರಿಹರದ ಮನೆಯ ಹಿತ್ತಲಲ್ಲಿ ಸಣ್ಣ ಒಲೆ ಹಾಕಿಕೊಂಡು, ಬೆಂಕಿ ಹೆಚ್ಚು ಕಮ್ಮಿ ಮಾಡಿ ಸುಟ್ಟು ನೋಡುತ್ತಿದ್ದಾರೆ, ಹೊಗೆಗೆ ಮನೆಯಾಕೆ ಬೈಯುತ್ತಾರೆ ಎಂದು ಆ ಆಳುಗಳೇ ನನಗೆ ಸುದ್ದಿ ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಹರಿಹರದ ಕಡೆ ಬಂದರೆ ಮನೆಗೆ ಬಂದು ಹೋಗಬೇಕೆಂದು ಹೇಳಿಕಳಿಸಿದರು. ಭತ್ತ ನೋಡುವ ನೆವದಿಂದ ಹೋದೆ. ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದರು. ದೂರದ ಊರಿನ ಕಾಲೇಜಿಗೆ ಹೊರಟಿದ್ದರು. ಒಳಗೆ ಕರೆದು ಕೂರಿಸಿ, ನೀರು ಬೆಲ್ಲ ಕೊಡಿಸಿ, ತಾವು ಬರೆದ ಪ್ರಬಂಧ ತೆಗೆದರು. ಇಂಗ್ಲಿಷಿನದು. ಒಂದು ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು. ಅತಿಯಾಗಿ ಸುಟ್ಟು ಬೆಳ್ಳಗಾದ ಬೂದಿ ಸುಣ್ಣದೊಂದಿಗೆ ಗಟ್ಟಿಯಾಗುವುದಿಲ್ಲ, ಇದನ್ನು ನಮಗೆ ತೋರಿಸಿಕೊಟ್ಟವರು ದಾವಣಗೆರೆಯ ಇಂಥವರು.

"ಇಲ್ಲಿ ನಿಮ್ಮ ಹೆಸರು ಹಾಕೀನ್ರಿ. ಅಚ್ಚಿಗೆ ಕಳಿಸೋಕೆ ಮುಂಚೆ ನಿಮ್ಮನ್ನ ಕೇಳೋಣಂತ ಕರೆಸಿದೆ."

ರಾಡಿ ನೀರು ಮತ್ತೆ ಕಾಲಿಗೆ ಬಂದಂತಾಯಿತು. ತೊಟ್ಟಿ ಬಿದ್ದದ್ದನ್ನು ಒಂದು ಊರು ನೋಡಿದ್ದು ಸಾಲದೆ ಅಚ್ಚು ಹಾಕಿಸಿ ದೇಶಕ್ಕೆಲ್ಲ ತೋರಿಸುತ್ತಾರೆ ಅಂದುಕೊಂಡೆ.

"ಬ್ಯಾಡ್ರಿ. ಕೈ ಮುಗೀತೀನಿ. ಮಾನ ಹೋದದ್ದು ಒಂದು ಸಲ ಸಾಕು."

"ತೋರಿಸಿಕೊಟ್ಟವರು ಅಂತ ಬರೆದೀನ್ರಿ. ಕೆಡಿಸಿದವರು ಅಂತ ಅಲ್ಲ."

"ಎರಡೂ ಒಂದೇ ಬಿಡ್ರಿ ನಮ್ಮಂಥವರಿಗೆ."

ಅವರು ಹಾಳೆಯ ಮೇಲಿಂದ ಬೆರಳು ತೆಗೆದರು. ಆ ದಿನ ಬೂದಿ ಬೇರೆ ಇದೆಯೆಂದು ನಾಲಗೆಗೆ ತಿಳಿದಿತ್ತು, ನಿಮ್ಮ ಮುಖ ನೋಡಿ ಸುಮ್ಮನಾದೆ, ತಪ್ಪು ನನ್ನದು ಅಂದರು. ಈ ಸಲವೂ ನನ್ನ ಮುಖ ನೋಡಿಯೇ ಒಪ್ಪಿದರು. ಪೆನ್ನು ತೆಗೆದು ಆ ಹೆಸರಿನ ಮೇಲೆ ಗೀಟು ಎಳೆದರು. ಬಾಗಿಲ ತನಕ ಬಂದು, ಹೋಗಿಬರ್ರಿ ಅಂದರು. ಗೆದ್ದವನಂತೆ ಸ್ಟೇಷನ್ನಿಗೆ ನಡೆದೆ.

ಅವರನ್ನು ಮತ್ತೆ ನೋಡಲಿಲ್ಲ. ಆ ಊರಿನಲ್ಲೇ ತೀರಿಕೊಂಡರೆಂಬ ಸುದ್ದಿ, ಹರಿಹರದಿಂದ ಭತ್ತ ತರುವವರ ಬಾಯಿಂದ, ಎಲ್ಲ ಮುಗಿದ ಎಷ್ಟೋ ದಿನದ ಮೇಲೆ ಬಂತು.

ಮೊನ್ನೆ ಕಾಲೇಜಿಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಭಟ್ಟಿಗೆ ಬಂದಿದ್ದರು. ಚಿಕ್ಕ ವಯಸ್ಸು, ಒಳ್ಳೆಯ ಮಾತು. ಬೂದಿ ಬೇಕಂತೆ. ನಾನೇ ಎದ್ದು ಹಿತ್ತಲಿಗೆ ಕರೆದೊಯ್ದೆ. ಅವರು ಗುಡ್ಡೆ ನೋಡುತ್ತ, ಬಿಳಿ ಬೂದಿ ಬೇಡ, ಮಾಸಲು ಬೂದಿಯೇ ಕೊಡಿ ಅಂದರು. ಯಾಕೆಂದು ಕೇಳಿದೆ. ಹಾಲಪ್ಪನವರೆಂಬ ಹಿರಿಯರು ಇದರ ಮೇಲೆ ಒಳ್ಳೆಯ ಕೆಲಸ ಮಾಡಿದ್ದಾರೆ, ಬಿಳಿ ಬೂದಿಯ ವಿಷಯವನ್ನು ಅವರಿಗೆ ತೋರಿಸಿಕೊಟ್ಟವರು ನಿಮ್ಮ ಊರಿನವರೇ ಯಾರೋ ಒಬ್ಬರು, ಹೆಸರು ಮಾತ್ರ ಬರೆದಿಲ್ಲ ಎಂದು ನನಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು.

ಇಷ್ಟು ವರ್ಷ ಬಾಯಿಗೆ ಬಾರದ ಮಾತು ಆಗ ಬಂತು.

"ಆ ಒಬ್ಬರು ನಾನೇ ರೀ."

ಅವರು ನನ್ನ ಬನಿಯನ್ ನೋಡಿದರು, ಕೈಯಲ್ಲಿದ್ದ ಸಲಿಕೆ ನೋಡಿದರು, ಆಮೇಲೆ ಬಾಯ್ತುಂಬ ನಕ್ಕರು.

"ಯಜಮಾನ್ರು ಭಾಳ ತಮಾಷಿ ಅದೀರಿ."

ನನ್ನ ಮಾತಿಗೆ ಹೌದು ಎನ್ನಲು ಒಬ್ಬರೇ ಇದ್ದರು, ಈಗ ಅವರಿಲ್ಲ. ಚೀಲದ ಬಾಯಿ ಹಿಡಿಯಿರಿ ಅಂದು, ಮಾಸಲು ಬೂದಿ ತುಂಬಿಕೊಟ್ಟೆ.