ಟ್ಯಾಂಕರಿನೊಳಗಿನ ತೂತಿನ ತಗಡು

ಆರು ವರ್ಷ ನಾನು ಗೌನಿಪಲ್ಲಿಯಿಂದ ಕೋಲಾರಕ್ಕೆ ಹಾಲಿನ ಟ್ಯಾಂಕರ್ ಓಡಿಸಿದವನು. ಹಾಲಿನ ಟ್ಯಾಂಕಿನೊಳಗೆ ಅಡ್ಡ ಏನೂ ಇರುವುದಿಲ್ಲ. ಇದ್ದರೆ ತೊಳೆಯಲು ಬರುವುದಿಲ್ಲ, ಮೂಲೆಯಲ್ಲಿ ಹಾಲು ಕೂತು ಹುಳಿಯಾಗುತ್ತದೆ. ಟ್ಯಾಂಕು ಅರ್ಧ ಖಾಲಿಯಿದ್ದಾಗ ಬ್ರೇಕ್ ಹಾಕಿದರೆ ಹಾಲೆಲ್ಲ ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳುತ್ತದೆ, ಹಿಂದಕ್ಕೆ ಹೋಗಿ ಮತ್ತೆ ಬಂದು ತಳ್ಳುತ್ತದೆ. ಗಾಡಿ ನಿಂತ ಮೇಲೂ ಆ ಎರಡನೇ ತಳ್ಳು ಬರುವವರೆಗೆ ನಾವು ಹಾಲಿನ ಡ್ರೈವರುಗಳು ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಅಕ್ಕನ ಗಂಡ ಮುಳಬಾಗಿಲಿನಿಂದ ನಮ್ಮ ಮನೆಗೆ ಬಂದರು. ಅವರು ಮಾಲೂರಿನ ಕಾರ್ಖಾನೆಗಳಿಗೆ ಡೀಸೆಲ್ ಟ್ಯಾಂಕರ್ ಓಡಿಸುತ್ತಿದ್ದರು. "ನಾನು ಬಿಡ್ತಿದೀನಿ, ನೀನು ಸೇರ್ಕೊಳ್ಳೋ. ಮೂರು ದಿನ ಕ್ಲಾಸಿಗೆ ಹೋಗಿ, ಡೀಸೆಲ್ ಗಾಡಿ ಓಡಿಸಬಹುದು ಅಂತ ಲೈಸೆನ್ಸ್ ಮೇಲೆ ಬರೆಸ್ಕೊಂಡ್ರೆ ಆಯ್ತು" ಎಂದರು. ಯಾಕೆ ಬಿಡುತ್ತೀರಿ ಎಂದರೆ ಸೊಂಟನೋವು ಎಂದರು. ಮನೆಗೆ ಹೋದರೆ ಕಾಫಿಗೂ ಒತ್ತಾಯ ಮಾಡದ ಮನುಷ್ಯ ನನಗಾಗಿ ಕೆಲಸ ಹುಡುಕಿಕೊಂಡು ಬಂದದ್ದೇ ನನಗೆ ಅನುಮಾನ.

ಕೋಲಾರದ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಟ್ಯಾಂಕಿನ ಹೊಟ್ಟೆ ಬರೆದು, ಒಳಗೆ ಅಡ್ಡಡ್ಡ ತಗಡು ಹಾಕಿ, ತಗಡಿಗೆ ತೂತು ಇಟ್ಟರು.

"ತೂತಿದ್ರೆ ತಡೆಯೋದು ಹೆಂಗೆ ಸಾರ್?"

"ತಡೆಯೋಕಲ್ಲಪ್ಪ, ಅಲೆ ಮುರಿಯೋಕೆ. ಇದಿದ್ರೆ ಎರಡನೇ ತಳ್ಳು ಗೊತ್ತೇ ಆಗಲ್ಲ."

ನಾನು ನಂಬಲಿಲ್ಲ. ಮನೆಗೆ ಬಂದು ದೊಡ್ಡ ಬೋಗುಣಿಗೆ ಅರ್ಧ ನೀರು ಸುರಿದು, ಹೆಂಡತಿಯ ಜರಡಿಯನ್ನು ಅಡ್ಡ ಹಿಡಿದು ಅಲ್ಲಾಡಿಸಿದೆ. ಮೇಷ್ಟ್ರು ಹೇಳಿದ್ದು ನಿಜವಾಗಿತ್ತು. ಜರಡಿ ಒದ್ದೆ ಮಾಡಿದ್ದಕ್ಕೆ ಬೈಸಿಕೊಂಡೆ.

ಲೈಸೆನ್ಸಿನ ಮೇಲೆ ಮುದ್ರೆ ಬಿತ್ತು. ಮೊದಲ ದಿನ ದಾರಿ ತೋರಿಸಲು ಭಾವ ಪಕ್ಕದಲ್ಲಿ ಕೂತರು. ಗಾಡಿಯ ಹೊರಗೆಲ್ಲ ಹೊಸ ಬಣ್ಣ, ಅಪಾಯದ ಫಲಕ, ಕಿಡಿ ಹತ್ತದಂತೆ ನೆಲಕ್ಕೆ ತಾಗುವ ಸರಪಳಿ, ಯಾವುದಕ್ಕೂ ಕೊರತೆಯಿಲ್ಲ. ಮೇಲಿನ ಮುಚ್ಚಳ ತೆಗೆದು ಒಳಗೆ ನೋಡುತ್ತೇನೆ ಎಂದರೆ ಮಾತ್ರ ಮಾಲೀಕರು ಬೀಗದ ಕೈ ಕೊಡಲಿಲ್ಲ.

ಒಂದು ಕಾರ್ಖಾನೆಯಲ್ಲಿ ಅರ್ಧ ಇಳಿಸಿ ಮುಂದೆ ಹೊರಟೆವು. ರೈಲ್ವೆ ಗೇಟು ಹಾಕಿತ್ತು. ಮೆಲ್ಲಗೆ ನಿಲ್ಲಿಸಿದೆ. ಹಳೆಯ ಅಭ್ಯಾಸ, ಕಾಲು ಬ್ರೇಕಿನ ಮೇಲೇ ಇತ್ತು. ಪಕ್ಕಕ್ಕೆ ನೋಡಿದರೆ ಭಾವನ ಬಲಗಾಲೂ ಕ್ಯಾಬಿನ್ನಿನ ನೆಲವನ್ನು ಒತ್ತಿ ಹಿಡಿದಿತ್ತು. ಎರಡನೇ ತಳ್ಳು ಬಂತು. ಆಮೇಲೆ ಅವರು ಕಾಲು ಸಡಿಲ ಬಿಟ್ಟರು.

"ಭಾವ, ಒಳಗೆ ತಗಡಿಲ್ಲ."

"ಏಂ ಕಾದು, ಏನೂ ಆಗಲ್ಲ ಬಿಡೋ. ವೆಲ್ಡಿಂಗ್ ಬಿಟ್ಕೊಂಡಿತ್ತು, ಕಿತ್ತಾಕಿಸಿದಾರೆ. ಹಾಲಿನ ಗಾಡಿ ಓಡಿಸ್ದೋನಿಗೆ ಇದೊಂದು ಕಷ್ಟವಾ? ಅದಕ್ಕೇ ನಿನ್ನ ಹೆಸರು ಹೇಳಿದ್ದು."

"ಹಾಲು ಉರಿಯಲ್ಲ ಭಾವ. ನೀವ್ಯಾಕೆ ಬಿಟ್ರಿ, ನಿಜ ಹೇಳಿ."

"ನಿಮ್ಮಕ್ಕ ದಿನಾ ಅಳ್ತಾಳೆ ಕಣೋ."

"ನನ್ನ ಸೇರಿಸಿದ್ದು ಅಕ್ಕಂಗೆ ಗೊತ್ತಾ?"

"ಗೇಟ್ ತೆಗೆದ್ರು, ನಡಿ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಗೇಟು ದಾಟಿ ಗಾಡಿಯನ್ನು ಪಕ್ಕಕ್ಕೆ ಹಾಕಿದೆ. ಇಷ್ಟು ದಿನ ಓಡಿಸಿದವರು ನೀವೇ ಓಡಿಸಿ ಎಂದು ಕೀಯನ್ನು ಅವರ ಕೈಗಿಟ್ಟು ಇಳಿದೆ. ಅವರು ಸ್ಟೇರಿಂಗಿನ ಕಡೆ ಸರಿಯಲಿಲ್ಲ. ಆ ಕಡೆಯ ಬಾಗಿಲು ತೆಗೆದು ಅವರೂ ಇಳಿದರು.