ಬೆಳಿಗ್ಗೆಯೇ ತೆಗೆದಿಟ್ಟ ನಗು

ಲಾಂಡ್ರಿಯ ಬಾಗಿಲು ತೆಗೆದು, ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ, ಅವಳು ಮೊದಲು ಮುಟ್ಟುತ್ತಿದ್ದುದು ಗಿರಾಕಿಗಳ ಬಟ್ಟೆಯನ್ನಲ್ಲ, ತನ್ನ ಕರವಸ್ತ್ರವನ್ನು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ಹಳೆಯ ಹತ್ತಿಯ ತುಂಡನ್ನು ಮೇಜಿನ ಮೇಲೆ ಹರಡಿ, ಪೆಟ್ಟಿಗೆಯನ್ನು ಒಮ್ಮೆ ಹಾಯಿಸಿ, ಬಿಸಿ ಹದವಾಗಿದೆಯೇ ಎಂದು ನೋಡುವಳು. ಆಗ ತುಟಿ ಅಲುಗುತ್ತಿತ್ತು. 'ದೇವರೇ, ಇವತ್ತು ಯಾರ ಬಟ್ಟೆಯನ್ನೂ ನನ್ನ ಕೈಯಲ್ಲಿ ಸುಡಿಸಬೇಡ.' ಅಷ್ಟೇ ಪ್ರಾರ್ಥನೆ. ಜ್ವರ ಬಂದ ದಿನವೂ ಬಿಟ್ಟದ್ದಿಲ್ಲ, ಯಜಮಾನ ಕರೆಂಟು ದಂಡ ಎಂದು ಗೊಣಗಿದ ದಿನವೂ ಬಿಟ್ಟದ್ದಿಲ್ಲ. ಸುಡುವುದಾದರೆ ಮೊದಲು ನನ್ನದೇ ಸುಡಲಿ ಎನ್ನುತ್ತಿದ್ದಳು.

ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ, "ಬಂದ ಗಂಡುಗಳೆಲ್ಲ ಸುಕ್ಕು ಸುಕ್ಕಾಗಿದ್ರು, ಮನೇಲೂ ಇಸ್ತ್ರಿ ಮಾಡೋಕೆ ನನಗೆ ಬೇಜಾರು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಣ್ಣನ ಮನೆಯ ಮಹಡಿಯ ಮೇಲಿನ ಒಂದೇ ಕೋಣೆ ಅವಳದು. ಕೆಳಗೆ ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು. ಮಗಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಗುಬ್ಬಿ ಸ್ನಾನ ಮಾಡುವಾಗ ಹಾಡುತ್ತಿದ್ದಳು. ಆ ಹಾಡು ನಲ್ಲಿಯ ಕೊಳವೆಯ ಪಕ್ಕದಲ್ಲೇ ಮೇಲಿನ ಕೋಣೆಗೆ ಹತ್ತಿ ಬರುತ್ತಿತ್ತು. ಮೇಲೆ ಸೋದರತ್ತೆ ಅದನ್ನು ಕೇಳಿಕೊಂಡೇ ತಲೆ ಬಾಚಿಕೊಳ್ಳುತ್ತಿದ್ದಳು.

ಬೀದಿಯವರು ಅವಳಿಗಿಟ್ಟ ಹೆಸರು ಚಪ್ಪಾಳೆಯಕ್ಕ. ಲಾಂಡ್ರಿಗೆ ರಜೆಯಿದ್ದ ದಿನ ಒಂದು ವ್ಯಾನು ಬಂದು ಬೀದಿಯ ಒಂದಷ್ಟು ಹೆಂಗಸರನ್ನು ಟೀವಿಯ ಸ್ಟುಡಿಯೋಗೆ ಕರೆದೊಯ್ಯುತ್ತಿತ್ತು. ಹಾಡಿನ ಸ್ಪರ್ಧೆಯ ಕಾರ್ಯಕ್ರಮಕ್ಕೆ ಕೂತು ಚಪ್ಪಾಳೆ ತಟ್ಟಲು. ಊಟದ ಪೊಟ್ಟಣ, ಹೋಗಿಬರುವ ಖರ್ಚು, ತಂಪಾದ ಕೋಣೆ. ಬಿಸಿ ಪೆಟ್ಟಿಗೆಯ ಮುಂದೆ ವಾರವೆಲ್ಲ ಬೆಂದವಳಿಗೆ ಆ ತಂಪೇ ದೊಡ್ಡ ಸಂಬಳವಾಗಿತ್ತು.

ಅಲ್ಲಿಯ ಕ್ರಮವೇ ಬೇರೆ. ಹಾಡುವವರು ಬರುವ ಮೊದಲೇ, ಕಿವಿಗೆ ಹೆಡ್‌ಫೋನು ಹಾಕಿಕೊಂಡ ಒಬ್ಬ ಯುವಕ ಮುಂದೆ ನಿಂತು ಹೇಳಿದಂತೆ ಮಾಡಿಸುತ್ತಿದ್ದ. ಮೊದಲು ಕೂತು ಚಪ್ಪಾಳೆ, ಆಮೇಲೆ ಎದ್ದು ಚಪ್ಪಾಳೆ. ಬಾಯಿಗೆ ಕೈ ಅಡ್ಡವಿಟ್ಟು ಗಾಬರಿ. ಕೊನೆಗೆ ಹೊಟ್ಟೆ ಹುಣ್ಣಾಗುವಂಥ ನಗು. ಎದುರಿಗೆ ಖಾಲಿ ವೇದಿಕೆ, ನಗಲು ಕಾರಣವೇ ಇಲ್ಲ. ಹೊಸಬರು ಹಲ್ಲು ಕಿರಿದು ಸುಮ್ಮನಾಗುತ್ತಿದ್ದರು. ಚಪ್ಪಾಳೆಯಕ್ಕ ಮಾತ್ರ ಲಾಂಡ್ರಿಯ ಯಜಮಾನ ತನ್ನದೇ ಪ್ಯಾಂಟು ಗಿರಾಕಿಗೆ ಕೊಟ್ಟು ಕಳಿಸಿದ್ದನ್ನು ನೆನೆದು ಮನಸಾರೆ ನಗುತ್ತಿದ್ದಳು. "ಆಂಟಿ ಮುಖ ಚಿನ್ನ" ಎಂದು ಹೆಡ್‌ಫೋನಿನವನು ಕ್ಯಾಮೆರಾವನ್ನು ಅವಳತ್ತಲೇ ತಿರುಗಿಸುತ್ತಿದ್ದ. ಹೀಗೆ ಬೆಳಿಗ್ಗೆ ತೆಗೆದಿಟ್ಟ ಮುಖಗಳನ್ನು ಆಮೇಲೆ ಬೇಕಾದ ಕಡೆ ಅಂಟಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಕಾಜಾ ಒಂದು ಕಡೆ, ಗುಂಡಿ ಇನ್ನೊಂದು ಕಡೆ ಹೊಲಿದು ಅಂಗಿ ಮಾಡುವುದಿಲ್ಲವೇ, ಹಾಗೆ ಎಂದುಕೊಂಡಿದ್ದಳು.

ಬೀದಿಗೆ ಇದ್ದದ್ದು ಒಂದೇ ಪ್ರಶ್ನೆ. ಆ ಕಾರ್ಯಕ್ರಮದಲ್ಲಿ ಇಬ್ಬರು ಜಡ್ಜ್‌ಗಳು. ಕಪ್ಪು ಕನ್ನಡಕದ ಗಂಡಸು, ಶಾಲು ಹೊದ್ದ ಹೆಂಗಸು. ವಾರ ತಪ್ಪದೆ ಇಬ್ಬರೂ ಕಚ್ಚಾಡುತ್ತಿದ್ದರು. ಅದು ನಿಜವಾದ ಜಗಳವೋ, ಹೇಳಿಕೊಟ್ಟದ್ದೋ? ಕುಕ್ಕರು, ಮಿಕ್ಸಿ ರಿಪೇರಿ ಮಾಡುತ್ತಿದ್ದ ಅಣ್ಣ ಎಲ್ಲ ನಾಟಕ ಎಂದು ಗುಂಡು ಹೊಡೆದಂತೆ ಹೇಳುತ್ತಿದ್ದ. ಅತ್ತಿಗೆ ಶಾಲಿನಮ್ಮನ ಕಡೆ. ಅವಳಿಗೆ ಕನ್ನಡಕದವನನ್ನು ಕಂಡರೆ ಗಂಡನ ಮೇಲಿನದಕ್ಕಿಂತ ಹೆಚ್ಚು ಸಿಟ್ಟು. ಒಳಗಿನ ಗುಟ್ಟು ಬಲ್ಲವಳೆಂದು ಎಲ್ಲರೂ ಚಪ್ಪಾಳೆಯಕ್ಕನನ್ನು ಕಾಡುತ್ತಿದ್ದರು. ಅವಳು ಉಪ್ಪುಂಡ ಮನೆಯ ಮಾತು ಹೊರಗೆ ಹಾಕಬಾರದೆಂದು ನಕ್ಕು ಜಾರಿಕೊಳ್ಳುತ್ತಿದ್ದಳು. ಒಳಗೊಳಗೆ ಆ ಗುಟ್ಟಿನ ಹೆಮ್ಮೆಯೂ ಇತ್ತು.

ಗುಬ್ಬಿಯನ್ನು ಆ ಸ್ಪರ್ಧೆಗೆ ಸೇರಿಸಿದ್ದು ಅವಳೇ. ಅತ್ತಿಗೆಗೆ ಇಷ್ಟವಿರಲಿಲ್ಲ, ಹುಡುಗಿಗೆ ಧೈರ್ಯವಿರಲಿಲ್ಲ. "ಕೊಳವೆಗೆ ಹಾಡಿದ್ದು ಸಾಕು, ಮನುಷ್ಯರಿಗೂ ಒಂದು ಸಲ ಹಾಡು" ಎಂದು ಅತ್ತೆ ವಾರಗಟ್ಟಲೆ ಬೆನ್ನು ಹತ್ತಿದಳು. ಮೊದಲ ಎರಡು ಸುತ್ತು ಗುಬ್ಬಿ ಗೆದ್ದಳು. ಮೂರನೆಯದು ಜಡ್ಜ್‌ಗಳ ಎದುರು.

ಆ ದಿನ ಗುಬ್ಬಿ ಚೆನ್ನಾಗಿಯೇ ಹಾಡಿದಳು. ಒಂದು ಕಡೆ ಉಸಿರು ಹಿಡಿಯಿತು, ಸಾವರಿಸಿಕೊಂಡಳು. ಶಾಲಿನಮ್ಮ ಮೆಚ್ಚಿದಳು. ಕನ್ನಡಕದವನು ಪರವಾಗಿಲ್ಲ, ಇನ್ನೂ ಅಭ್ಯಾಸ ಬೇಕು ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಡ್‌ಫೋನಿನವನು ಓಡಿಬಂದು ಇಬ್ಬರ ನಡುವೆ ಬಗ್ಗಿ, ಮೇಲಿನವರಿಗೆ ಖಾರ ಸಾಲದಂತೆ, ಇನ್ನೊಮ್ಮೆ ತೆಗೆಯೋಣ ಎಂದದ್ದು ಎರಡನೆಯ ಸಾಲಿನಲ್ಲಿದ್ದ ಅತ್ತೆಗೆ ಕೇಳಿಸಿತು.

ಎರಡನೆಯ ಸಲ ಕನ್ನಡಕದವನು ಕುರ್ಚಿಗೆ ಒರಗಿ ಹೇಳಿದ: "ಈ ಧ್ವನಿ ಸ್ನಾನದ ಮನೆಯಲ್ಲೇ ಚೆನ್ನಾಗಿತ್ತು. ಅಲ್ಲಿಂದ ಹೊರಗೆ ಕರ್ಕೊಂಡು ಬಂದವರು ಯಾರು?"

ಶಾಲಿನಮ್ಮ ತಿರುಗಿಬಿದ್ದಳು. ಮೊದಲ ನಾಲ್ಕು ಮಾತು ಹೇಳಿಕೊಟ್ಟ ಮಾತಿನಂತೆಯೇ ಇತ್ತು. ಆಮೇಲೆ ಏನೋ ಹಳೆಯದು ಕದಡಿತು. ನಿಮ್ಮ ನಾಲಿಗೆಯಿಂದ ಎಷ್ಟು ಜನ ಹಾಡು ಬಿಟ್ಟಿದ್ದಾರೆ ಗೊತ್ತಿದೆಯೇ ಎಂದು ಕೇಳುವಾಗ ಅವಳ ಧ್ವನಿ ನಡುಗಿತು. ಅವನ ಕತ್ತು ಕೆಂಪಾಯಿತು. ನಾಟಕಕ್ಕೆಂದು ಹಚ್ಚಿದ ಕಡ್ಡಿ ನಿಜವಾಗಿಯೇ ಹೊತ್ತಿಕೊಂಡಿತ್ತು. ಆದರೆ ಇಬ್ಬರ ನಡುವೆ ಮೈಕು ಹಿಡಿದು ನಿಂತ ಹುಡುಗಿಯನ್ನು ಯಾರೂ ನೋಡಲಿಲ್ಲ. ಚಪ್ಪಾಳೆಯಕ್ಕ ಎದ್ದು ನಿಂತು, "ಸಾಕು ಮಾಡಿ, ಮಗು ನಿಂತಿದೆ" ಎಂದು ಕೂಗಿದಳು. ಯಾರೋ ಭುಜ ಒತ್ತಿ ಕೂರಿಸಿದರು. ಗುಬ್ಬಿಯ ಕಣ್ಣಿಗೆ ದೀಪಗಳ ಬೆಳಕು. ಅವಳಿಗೆ ಯಾರೂ ಕಾಣಲಿಲ್ಲ, ಗದ್ದಲದಲ್ಲಿ ಯಾರ ಕೂಗೆಂದು ತಿಳಿಯಲೂ ಇಲ್ಲ.

ಸ್ಪರ್ಧೆಯಿಂದ ಹೊರಬಿದ್ದರೂ ಹುಡುಗಿ ಕುಗ್ಗಲಿಲ್ಲ. ವ್ಯಾನಿನಲ್ಲಿ ಅತ್ತೆಯ ತೋಳು ಹಿಡಿದು ಕೂತು, ನೀನು ಅಲ್ಲಿದ್ದೆಯಲ್ಲ, ಅದೇ ಧೈರ್ಯ ಎಂದಳು. ಮರುದಿನವೂ ಕೊಳವೆಯ ಪಕ್ಕದಲ್ಲಿ ಹಾಡು ಹತ್ತಿಬಂತು.

ಎಲ್ಲ ಕೆಟ್ಟದ್ದು ಆ ಕಾರ್ಯಕ್ರಮ ಟೀವಿಯಲ್ಲಿ ಬಂದ ದಿನ. ಅಕ್ಕಪಕ್ಕದವರೂ ಬಂದು ಅಣ್ಣನ ಮನೆಯ ನಡುಮನೆಯಲ್ಲಿ ತುಂಬಿಕೊಂಡಿದ್ದರು. ಗುಬ್ಬಿ ಹಾಡಿದಳು, ಎಲ್ಲರೂ ತಲೆದೂಗಿದರು. ಕನ್ನಡಕದವನು, "ಹೊರಗೆ ಕರ್ಕೊಂಡು ಬಂದವರು ಯಾರು?" ಎಂದ. ಮರುಕ್ಷಣವೇ ಪರದೆಯ ತುಂಬ ಚಪ್ಪಾಳೆಯಕ್ಕನ ಮುಖ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಬಿದ್ದು ಬಿದ್ದು ನಗುತ್ತಿದ್ದಳು.

ಗುಬ್ಬಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅದು ಬೆಳಿಗ್ಗೆ ಖಾಲಿ ವೇದಿಕೆಗೆ ನಕ್ಕ ನಗು, ಯಜಮಾನನ ಪ್ಯಾಂಟಿಗೆ ನಕ್ಕ ನಗು. ಕೇಳುವವರಿಗೆ ಅದು ಸುಳ್ಳಿಗಿಂತಲೂ ಸುಳ್ಳಾಗಿ ಕೇಳಿಸಿತು.

"ಕಣ್ಣಾರೆ ಕಂಡಿದ್ದೀವಲ್ಲ" ಎಂದಳು ಅತ್ತಿಗೆ. "ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ."

ಅವಳು ಅಣ್ಣನತ್ತ ತಿರುಗಿದಳು. "ಅಣ್ಣ, ನೀನೇ ಹೇಳ್ತಿದ್ದೆ, ಅಲ್ಲಿ ಎಲ್ಲ ನಾಟಕ ಅಂತ."

"ಜಡ್ಜ್‌ಗಳದ್ದು ನಾಟಕ ಕಣೇ" ಎಂದ ಅಣ್ಣ, ನೆಲ ನೋಡುತ್ತ. "ನಿನ್ನ ನಗು ಹಾಗಿರ್ಲಿಲ್ಲ."

ಇಡೀ ಬೀದಿಯ ತೀರ್ಪೂ ಅದೇ ಆಯಿತು. ಜಗಳ ಸುಳ್ಳು, ಬೈಗುಳ ಸುಳ್ಳು, ಅವಳ ನಗುವೊಂದು ನಿಜ. ಲಾಂಡ್ರಿಗೆ ಬಂದವರು ಬಟ್ಟೆ ಇಟ್ಟು ಮುಖ ನೋಡದೆ ಹೋದರು. ಅದನ್ನೆಲ್ಲ ತಾಳಿಕೊಳ್ಳಬಹುದಿತ್ತು. ಗುಬ್ಬಿ ಹಾಡುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಕೊಳವೆಯಲ್ಲಿ ಬರಿ ನೀರಿನ ಸದ್ದು. ಮೆಟ್ಟಿಲಲ್ಲಿ ಎದುರಾದರೆ ಹುಡುಗಿ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು, ಹೊರಗಿನವರಿಗೆ ಬಿಡುವ ಹಾಗೆ.

ಒಂದು ದಿನ ಅಂಗಿಯೊಂದರ ಕಾಲರಿಗೆ ಪೆಟ್ಟಿಗೆ ಒತ್ತುತ್ತಿದ್ದಾಗ ಅವಳಿಗೆ ಇನ್ನೊಂದು ಯೋಚನೆ ಬಂದು ಕೈ ನಿಂತಿತು. ಇಷ್ಟು ದಿನ ತಾನು ಕೊಟ್ಟ ನಗುಗಳೆಲ್ಲ ಎಲ್ಲಿ ಹೋದವು? ಯಾರ ಯಾರ ಮನೆಯ ಮಗಳು ತಲೆ ತಗ್ಗಿಸಿ ನಿಂತಾಗ ಈ ಮುಖ ಹಲ್ಲು ಬಿಟ್ಟಿದೆಯೋ? ಇದು ತನ್ನ ಮನೆಗೆ ಬಂದದ್ದಕ್ಕೆ ಗೊತ್ತಾಯಿತು, ಉಳಿದ ಮನೆಗಳ ಲೆಕ್ಕ ದೇವರ ಹತ್ತಿರವಿದೆ. ಅತ್ತುಕೊಂಡು ಕೂರಲು ಅವಳಿಗೆ ಬರುತ್ತಿರಲಿಲ್ಲ. ಮುಂದಿನ ರಜೆಗೆ, ಬೇಡವೆಂದ ಹೆಂಗಸರ ನಡುವೆಯೇ ಜಾಗ ಮಾಡಿಕೊಂಡು ವ್ಯಾನು ಹತ್ತಿದಳು.

ಚಪ್ಪಾಳೆ ಎಂದಾಗ ಕೈ ಕಟ್ಟಿ ಕೂತಳು. ಗಾಬರಿ ಎಂದಾಗ ಗೋಡೆ ನೋಡಿದಳು. ನಗು ಎಂದಾಗ ಹೆಡ್‌ಫೋನಿನವನು ಹತ್ತಿರ ಬಂದು, ಆಂಟಿಗೆ ಹುಷಾರಿಲ್ಲವೇ ಎಂದು ಕೇಳಿದ. ಹುಷಾರಾಗಿಯೇ ಇದ್ದೇನೆ, ನಗು ಬರುವಂಥದ್ದು ಏನಾದರೂ ಆದರೆ ನಗುತ್ತೇನೆ ಎಂದಳು. ಅವನಿಗೆ ತುರ್ತಿತ್ತು, ಬಿಟ್ಟ.

ಹಾಡಲು ಬಂದವನು ಒಬ್ಬ ಸಣಕಲ ಡ್ರೈವರು. ಒಂದು ಸಲ ಜಗಳ ಆಯಿತು. ಹೆಡ್‌ಫೋನಿನವನು ಓಡಿಬಂದು ಬಗ್ಗಿದ. ಕನ್ನಡಕದವನು ಮತ್ತೆ ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಜೋರಾಗಿ ಶುರುಮಾಡಿದ. ಚಪ್ಪಾಳೆಯಕ್ಕ ಎದ್ದು ನಿಂತಳು.

"ಸ್ವಾಮಿ, ಇದು ಎರಡನೇ ಸಲ ಅಲ್ವಾ? ಮೊದಲನೇ ಸಲ ಹೇಳಿದ್ದೇ ಚೆನ್ನಾಗಿತ್ತು, ಅದನ್ನೇ ಇಟ್ಕೊಳ್ಳಿ. ಇವನಿಗೂ ಒಂದು ಮನೆ ಇದೆ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಯಾರೂ ಹೇಳಿಕೊಡದೆ. ಶಾಲಿನಮ್ಮ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಇಬ್ಬರು ಕಾವಲಿನವರು ಬಂದು ಚಪ್ಪಾಳೆಯಕ್ಕನನ್ನು ಹೊರಗೆ ನಡೆಸಿದರು. ಊಟದ ಪೊಟ್ಟಣವೂ ಸಿಗಲಿಲ್ಲ. ವ್ಯಾನಿಗೆ ಕಾಯದೆ ನಡೆದೇ ಮನೆಗೆ ಬಂದಳು.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಭೆಯಲ್ಲಿದ್ದ ಯಾರೋ ಅದನ್ನು ಕದ್ದು ಫೋನಿನಲ್ಲಿ ಹಿಡಿದಿದ್ದರು. ಬೀದಿಯವರು ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. ಜಗಳ ನಾಟಕವೆಂದು ಗೆದ್ದ ಅಣ್ಣ ಮೀಸೆ ತಿರುವಿದ. ಆದರೆ ನಗುವಿನ ವಿಷಯಕ್ಕೆ ಬಂದರೆ ಎಲ್ಲರೂ ಇದ್ದಲ್ಲೇ ಇದ್ದರು. ಗುಬ್ಬಿಯ ಬಾಗಿಲು ಹಾಗೆಯೇ ಇತ್ತು.

ಕೆಲವು ದಿನಗಳಾದ ಮೇಲೆ, ಸಂಜೆ, ಹೆಡ್‌ಫೋನಿನವನೇ ಮನೆಗೆ ಬಂದ. ಕಿವಿಗೆ ಏನೂ ಇಲ್ಲದ ಅವನ ಮುಖ ಎಳೆಯದಾಗಿ ಕಂಡಿತು. ಅತ್ತಿಗೆ ಹೊಸ ಲೋಟದಲ್ಲಿ ಚಹಾ ತಂದಳು. ಅಣ್ಣ ರಿಪೇರಿಗೆ ಬಿಚ್ಚಿಟ್ಟಿದ್ದ ಮಿಕ್ಸಿಯನ್ನು ಕುರ್ಚಿಯಿಂದ ಇಳಿಸಿ ಅವನನ್ನು ಕೂರಿಸಿದ. ಗುಬ್ಬಿ ಕೋಣೆಯ ಹೊಸ್ತಿಲಲ್ಲಿ ನಿಂತಳು.

ಅವನು ಬಂದದ್ದು ಬೈಯಲು ಅಲ್ಲ. ಫೋನಿನಲ್ಲಿ ಆ ತುಣುಕು ಓಡಾಡಿ, ಅವಳು ಗುಬ್ಬಿಯ ಅತ್ತೆಯೆಂದು ತಿಳಿದದ್ದರಿಂದ ಮೇಲಿನವರಿಗೆ ಹೊಸ ಆಸೆ ಹುಟ್ಟಿತ್ತು. ಗುಬ್ಬಿಯನ್ನು ಮತ್ತೆ ಸ್ಪರ್ಧೆಗೆ ಕರೆಯುತ್ತಾರೆ, ನೇರವಾಗಿ ಮುಂದಿನ ಸುತ್ತಿಗೆ. ಅದಕ್ಕೆ ಮೊದಲು ಅತ್ತೆ ವೇದಿಕೆಗೆ ಬಂದು, ಸೋದರ ಸೊಸೆಯನ್ನು ನೋಡಿ ನಕ್ಕದ್ದಕ್ಕೆ ಕ್ಷಮೆ ಕೇಳಿ, ತಬ್ಬಿಕೊಂಡು ಅಳಬೇಕು. ಕ್ಷಮಿಸಬೇಕೋ ಬೇಡವೋ ಎಂದು ಜಡ್ಜ್‌ಗಳು ಜಗಳವಾಡುತ್ತಾರೆ.

"ನಾನು ಅವಳನ್ನ ನೋಡಿ ನಕ್ಕಿಲ್ಲ" ಎಂದಳು ಚಪ್ಪಾಳೆಯಕ್ಕ.

"ಅಯ್ಯೋ, ನನಗೆ ಗೊತ್ತಿಲ್ವಾ ಆಂಟಿ?" ಎಂದ ಅವನು ಚಹಾ ಊದುತ್ತ. "ಅದು ಬೆಳಿಗ್ಗೆ ತೆಗೆದಿಟ್ಟ ನಗು. ಜೋಡಿಸೋರಿಗೆ ನೀವು ಅವಳ ಅತ್ತೆ ಅನ್ನೋದೂ ಗೊತ್ತಿರ್ಲಿಲ್ಲ. ಚೆನ್ನಾಗಿರೋ ನಗು ಬೇಕಿತ್ತು, ಹಾಕಿದ್ರು."

ಅಣ್ಣ ಮಿಕ್ಸಿಯ ತಿರುಪು ಹುಡುಕುವವನಂತೆ ನೆಲಕ್ಕೆ ಬಗ್ಗಿದ. ಗುಬ್ಬಿ ಹೊಸ್ತಿಲು ದಾಟಿ ಬಂದಳು.

"ಹಾಗಾದ್ರೆ ಆ ಮನುಷ್ಯ ನನಗೆ ಹಾಗಂದಾಗ ಅತ್ತೆ ಏನು ಮಾಡ್ತಿದ್ರು?"

"ಸಾಕು ಮಾಡಿ ಅಂತ ಕೂಗ್ತಿದ್ರು. ಆ ಕೂಗು ಮೈಕಿಗೆಲ್ಲ ಬಿದ್ದು, ಅದನ್ನ ತೆಗೆಯೋಷ್ಟರಲ್ಲಿ ನಮಗೆ ಸಾಕಾಯ್ತು."

ಹುಡುಗಿ ಬಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅತ್ತೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ. ಚಪ್ಪಾಳೆಯಕ್ಕ ಒಂದು ಕ್ಷಣ ಕಣ್ಣು ಮುಚ್ಚಿದಳು. ಆ ಮುಚ್ಚಿದ ಕಣ್ಣಿನೊಳಗೆ ಯಾರಿಗೆ ಏನು ಹೇಳಿದಳೋ, ಅದು ಅವಳಿಗೂ ದೇವರಿಗೂ ಬಿಟ್ಟದ್ದು.

ಅತ್ತಿಗೆಗೆ ತಪ್ಪಿನ ಅರಿವಾಗಿತ್ತು, ಆಸೆಯೂ ಬಿಟ್ಟಿರಲಿಲ್ಲ. ಹೇಗೂ ಎಲ್ಲ ನಾಟಕವೇ ತಾನೇ, ಮಗುವಿನ ಒಳ್ಳೆಯದಕ್ಕೆ ನಾಲ್ಕು ಹನಿ ಕಣ್ಣೀರು ಹಾಕಿದರೆ ನಾದಿನಿಯ ಗಂಟೇನು ಹೋಗುತ್ತದೆ ಎಂದು ಮೆಲ್ಲಗೆ ಕೇಳಿದಳು.

"ನನಗೆ ಬೇಡಮ್ಮ" ಎಂದಳು ಗುಬ್ಬಿ. "ಹಾಡಿ ಗೆದ್ರೆ ಗೆಲ್ತೀನಿ. ಅತ್ತೆ ಅತ್ತಿದ್ದಕ್ಕೆ ಗೆಲ್ಲೋದು ಬೇಡ."

ಹೆಡ್‌ಫೋನಿನವನು ಸುಲಭಕ್ಕೆ ಬಿಡುವವನಲ್ಲ. ಹುಡುಗಿ ಯೋಚನೆ ಮಾಡಲಿ, ಆಂಟಿಗಾದರೂ ಏನಾದರೂ ಮಾಡೋಣ ಎಂದ. ಮುಂದಿನ ಸಾಲಿನಲ್ಲಿ ಕಾಯಂ ಕುರ್ಚಿ, ಕರೆದೊಯ್ಯಲು ಕಾರು. ನಗುವ ಆಂಟಿ ಎಂದೇ ಜನ ಗುರುತಿಸುವಂತೆ ಮಾಡುತ್ತೇವೆ, ಒಂದೇ ಒಂದು ಸಲ ಬಂದು ಕ್ಷಮೆ ಕೇಳಿಬಿಡಿ ಎಂದ.

"ಮಾಡದ ತಪ್ಪಿಗೆ ಕ್ಷಮೆ ಕೇಳಿಬಿಟ್ರೆ, ನಾಳೆ ಮಾಡಿದ ತಪ್ಪಿಗೆ ಯಾವ ಬಾಯಲ್ಲಿ ಕೇಳ್ಲಿ?" ಎಂದಳು ಅವಳು. ಅವನ ಲೋಟ ಖಾಲಿಯಾಗಿರುವುದನ್ನು ನೋಡಿ ತೆಗೆದುಕೊಂಡಳು. "ಕುರ್ಚಿನೂ ಬೇಡ, ಕಾರೂ ಬೇಡ. ನನ್ನ ನಗು ನಿಮ್ಮ ಹತ್ರಾನೇ ಉಳಿದಿದೆ, ತಿಳೀದೆ ಕೊಟ್ಟಿದ್ದು, ಇಟ್ಕೊಳ್ಳಿ. ಅಳು ಮಾತ್ರ ಕೊಡಲ್ಲ, ಹೋಗಿ ಬಾಪ್ಪ."